ಕೈಜಾರಿದ ಅಮಾನತ್ತು



ನಿಮ್ಮ ಮನೆಯಲ್ಲೋ ನೆರೆಯಲ್ಲೋ ಜಮಾಅತ್‌ನಲ್ಲೋ ಎಲ್ಲರೂ ಬೆರಳು ಮಾಡಿ ತೋರಿಸುವ ಒಬ್ಬ ಹುಡುಗ ಇದ್ದೇ ಇರುತ್ತಾನೆ. 'ಇವನೊಬ್ಬ ಮುಂದೆ ಬರುತ್ತಾನೆ ನೋಡಿ' ಎಂದು ಹಿರಿಯರು ಹೇಳುತ್ತಾರೆ. ಒಬ್ಬನಿಗೆ ಇಂಪಾದ ಕಂಠವಿರುತ್ತದೆ, ಇನ್ನೊಬ್ಬನಿಗೆ ಲೆಕ್ಕದಲ್ಲಿ ಚುರುಕು ಬುದ್ಧಿ, ಮತ್ತೊಬ್ಬನಿಗೆ ಮೈದಾನದಲ್ಲಿ ಗಾಳಿಯಂತೆ ಓಡುವ ಕಾಲು. ಅಂತಹ ಹುಡುಗನನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಈಗ ನಿಮ್ಮಲ್ಲಿ ಒಂದು ಪ್ರಶ್ನೆ. ಅವನು ಕಳೆದ ಸಲ ಸುಳ್ಳು ಹೇಳಿದಾಗ ನೀವೇನು ಮಾಡಿದಿರಿ?

ಉತ್ತರವನ್ನು ಈಗಲೇ ಹೇಳಬೇಕಾಗಿಲ್ಲ. ಮೊದಲು ಒಂದು ಘಟನೆಯನ್ನು ಕೇಳಿ. ಇದು ನಮ್ಮ ಊರಿನದಲ್ಲ, ನಮ್ಮ ಸಮುದಾಯದ್ದೂ ಅಲ್ಲ. ಅಮೆರಿಕದ ಓಹಾಯೋ ರಾಜ್ಯದ ಒಬ್ಬ ಆಟಗಾರನ ಜೀವನ. ಹೆಸರು ಮಾರಿಸ್ ಕ್ಲಾರೆಟ್. ಆತನ ಹೃದಯದ ಒಳಗಿನ ಲೆಕ್ಕ ಅಲ್ಲಾಹನಿಗೆ ಬಿಟ್ಟದ್ದು. ಅದರ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಜ್ಞಾನವು ಸತ್ಯವಿಶ್ವಾಸಿಯ ಕಳೆದುಹೋದ ಸೊತ್ತು ಎನ್ನುತ್ತಾರೆ ನಮ್ಮ ಹಿರಿಯರು. ಅದು ಎಲ್ಲಿ ಸಿಕ್ಕಿದರೂ ಎತ್ತಿಕೊಳ್ಳುವ ಹಕ್ಕು ನಮಗಿದೆ.

ಓಡುವ ಹುಡುಗ

ಯಂಗ್ಸ್‌ಟೌನ್ ಓಹಾಯೋದ ಒಂದು ಉಕ್ಕಿನ ಊರು. 1977ರ ಸೆಪ್ಟೆಂಬರ್ 19ರಂದು ಅಲ್ಲಿನ ಒಂದು ದೊಡ್ಡ ಉಕ್ಕಿನ ಕಂಪೆನಿ ತನ್ನ ಮುಖ್ಯ ಕಾರ್ಖಾನೆಯನ್ನು ಮುಚ್ಚುವುದಾಗಿ ಸಾರಿತು. ಸುಮಾರು 5,000 ಮಂದಿಯ ಅನ್ನದ ದಾರಿ ಮುಚ್ಚಿತು. ಅದರ ಹಿಂದೆಯೇ ಬೇರೆ ಕಾರ್ಖಾನೆಗಳೂ ಬಾಗಿಲು ಹಾಕಿದವು. ಕುಲುಮೆಗಳು ಆರಿದ ಊರಿನಲ್ಲಿ ಹೊಗೆಯ ಬದಲು ನಿರುದ್ಯೋಗ, ಮಾದಕ ವಸ್ತು ಮತ್ತು ಕೊಲೆಗಳು ಹಬ್ಬಿದವು. ಮಾರಿಸ್ ಕ್ಲಾರೆಟ್ ಹುಟ್ಟಿದ್ದು ಅಂತಹ ಊರಿನಲ್ಲಿ, 1983ರಲ್ಲಿ.

ಈ ಹುಡುಗನಿಗೆ ಅಲ್ಲಾಹನು ಕೊಟ್ಟ ಅನುಗ್ರಹವೆಂದರೆ ಓಟ. ಅಮೆರಿಕದವರು ಫುಟ್ಬಾಲ್ ಎಂದು ಕರೆಯುವ ಆಟ ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಅಂಡಾಕಾರದ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು, ಎದುರಿನಿಂದ ಮೈಮೇಲೆ ಬೀಳುವವರ ನಡುವೆ ನುಗ್ಗಿ, 100 ಗಜದ ಮೈದಾನದ ತುದಿಯ ಗೆರೆಯನ್ನು ದಾಟಬೇಕು. ಅಲ್ಲಿ ಕಾಲೇಜುಗಳ ಆಟಕ್ಕೂ ಜನಸಾಗರ ಸೇರುತ್ತದೆ. ಕೊಲಂಬಸ್ ನಗರದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕಿಂತಲೂ ಹೆಚ್ಚು ಮಂದಿ ಕೂರಬಹುದು. 2002ರಲ್ಲಿ, 18ರ ಹರೆಯದಲ್ಲಿ, ಕ್ಲಾರೆಟ್ ಆ ವಿಶ್ವವಿದ್ಯಾನಿಲಯದ ತಂಡ ಸೇರಿದ.

ಆ ಒಂದು ವರ್ಷ ಆತ ಚೆಂಡು ಹಿಡಿದು ಓಡಿದ್ದು ಒಟ್ಟು 1,237 ಗಜ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಆ ವಿಶ್ವವಿದ್ಯಾನಿಲಯದಲ್ಲಿ ಅದುವರೆಗೆ ಅಷ್ಟು ಓಡಿರಲಿಲ್ಲ. ಗೆರೆ ದಾಟಿ ಅಂಕ ತಂದದ್ದು 18 ಸಲ. ತಂಡ ಆಡಿದ 14 ಪಂದ್ಯಗಳನ್ನೂ ಗೆದ್ದಿತು. ಕೊನೆಯದು ರಾಷ್ಟ್ರ ಮಟ್ಟದ ಪಂದ್ಯ. 2003ರ ಜನವರಿ 3ರಂದು ಅರಿಝೋನಾದಲ್ಲಿ ನಡೆಯಿತು. ಎದುರಾಳಿ ಸತತ 34 ಪಂದ್ಯಗಳನ್ನು ಗೆದ್ದಿದ್ದ ಮಯಾಮಿ ತಂಡ.

ಆ ಪಂದ್ಯದ ಒಂದು ಗಳಿಗೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ. ಓಹಾಯೋ ತಂಡದವನು ಎಸೆದ ಚೆಂಡನ್ನು ಮಯಾಮಿಯ ಶಾನ್ ಟೇಲರ್ ಎಂಬ ಆಟಗಾರ ನಡುವೆ ಹಿಡಿದುಬಿಟ್ಟ. ಹಿಡಿದವನು ಓಡತೊಡಗಿದ. ಚೆಂಡು ಕೈತಪ್ಪಿತ್ತು. ಇಂತಹ ಹೊತ್ತಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುವವರೇ ಹೆಚ್ಚು. ಕ್ಲಾರೆಟ್ ನಿಲ್ಲಲಿಲ್ಲ. ಅವನ ಬೆನ್ನುಹತ್ತಿ ಓಡಿ, ತೋಳಿನೊಳಗಿನಿಂದ ಚೆಂಡನ್ನು ಕಿತ್ತುಕೊಂಡ. ಆಟ ಹೆಚ್ಚುವರಿ ಅವಧಿಗೆ, ಅಲ್ಲಿಂದ ಎರಡನೆಯ ಹೆಚ್ಚುವರಿ ಅವಧಿಗೆ ಹೋಯಿತು. ಗೆಲುವಿನ ಗೆರೆಯನ್ನು ದಾಟಿದವನೂ ಆತನೇ. 31ಕ್ಕೆ 24. ಹತ್ತೊಂಬತ್ತು ವರ್ಷದ ಹುಡುಗನ ಹೆಸರು ಆ ರಾತ್ರಿ ದೇಶಕ್ಕೆಲ್ಲ ತಿಳಿಯಿತು.

ಆ ಬಳಿಕ ಆ ವಿಶ್ವವಿದ್ಯಾನಿಲಯಕ್ಕಾಗಿ ಆತ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

ಒಂದು ಸುಳ್ಳು

ಕಾಲು ಮುರಿಯಿತೇ? ಇಲ್ಲ. ರೋಗ ಬಂತೇ? ಇಲ್ಲ. ಬಂದದ್ದು ಒಂದು ಸುಳ್ಳು.

2003ರ ವಸಂತದಲ್ಲಿ ಆತ ಎರವಲು ತಂದಿದ್ದ ಒಂದು ಕಾರಿನಿಂದ ಕಳ್ಳತನವಾಯಿತು. ಹತ್ತು ಸಾವಿರ ಡಾಲರಿಗೂ ಮಿಕ್ಕಿದ ಸೊತ್ತು ಹೋಯಿತೆಂದು ಆತ ದೂರು ಕೊಟ್ಟ. ಹೋದದ್ದಕ್ಕಿಂತ ಹೋಯಿತೆಂದು ಹೇಳಿದ್ದು ಹೆಚ್ಚಾಗಿತ್ತು. ವಿದ್ಯಾರ್ಥಿಯಾದವನಿಗೆ ಅಷ್ಟು ಸೊತ್ತು ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದಿತು. ವಿಚಾರಣೆ ಮಾಡಿದವರ ಮುಂದೆಯೂ ಸತ್ಯ ನುಡಿಯಲಿಲ್ಲವೆಂದು ತಿಳಿದಾಗ ಇಡೀ 2003ರ ಋತುವಿಗೆ ತಂಡದಿಂದ ಹೊರಗಿಟ್ಟರು. 2004ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಒಂದು ಸಣ್ಣ ಅಪರಾಧವನ್ನು ಆತ ಒಪ್ಪಿಕೊಂಡ.

ಅದಕ್ಕೂ ಮೊದಲು ಇನ್ನೊಂದು ಸಂಗತಿ ನಡೆದಿತ್ತು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆ ದೊಡ್ಡ ಪಂದ್ಯದ ಮುಂಚಿನ ದಿನಗಳಲ್ಲಿ ಊರಿನ ಗೆಳೆಯನೊಬ್ಬ ಕೊಲೆಯಾದ. ಅಂತ್ಯಸಂಸ್ಕಾರಕ್ಕೆ ಹೋಗಬೇಕೆಂದು ಹುಡುಗ ಕೇಳಿದ. ಹೋಗಲಾಗಲಿಲ್ಲ. ವಿಶ್ವವಿದ್ಯಾನಿಲಯದವರು ತನ್ನ ಬಗ್ಗೆ ಸುಳ್ಳು ಹೇಳುತ್ತಿದ್ದಾರೆಂದು ಪತ್ರಿಕೆಯವರ ಮುಂದೆಯೇ ಸಿಟ್ಟಾದ. ಯಾರದು ಸರಿ, ಯಾರದು ತಪ್ಪು ಎಂಬುದು ಇಲ್ಲಿ ಮುಖ್ಯವಲ್ಲ. ಒಂದು ಲಕ್ಷ ಜನ ಹೆಸರು ಕೂಗುತ್ತಿದ್ದಾಗಲೂ ಗೆಳೆಯನ ಶವದ ಬಳಿ ನಿಲ್ಲಲಾಗದ ಒಬ್ಬ ಹುಡುಗ ಅಲ್ಲಿದ್ದ ಎಂಬುದು ಮುಖ್ಯ. ಚಪ್ಪಾಳೆ ತಟ್ಟುವವರೆಲ್ಲ ಹಿತೈಷಿಗಳಲ್ಲ. ಹೆಚ್ಚಿನವರಿಗೆ ಬೇಕಾಗಿರುವುದು ಅವನ ಕಾಲು ಮಾತ್ರ.

'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆತನ ಮಾನ ಹೋದದ್ದೂ ಅಡಿಕೆಯಂತಹ ವಿಷಯಕ್ಕೇ. ಆದರೆ ಸುಳ್ಳಿನ ಗುಣವೇ ಅದು. ಸಣ್ಣ ರೂಪದಲ್ಲಿ ಬರುತ್ತದೆ, ಸಲಿಗೆಯಿಂದ ಒಳಗೆ ಕೂರುತ್ತದೆ, ಬಳಿಕ ಮನೆಯನ್ನೇ ತನ್ನದಾಗಿಸಿಕೊಳ್ಳುತ್ತದೆ. ಸುಳ್ಳು ಮನುಷ್ಯನನ್ನು ದುಷ್ಟತನದ ಕಡೆಗೂ ದುಷ್ಟತನ ನರಕದ ಕಡೆಗೂ ನಡೆಸುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಇಲ್ಲಿ ಗಮನಿಸಬೇಕಾದ ಶಬ್ದ 'ನಡೆಸುತ್ತದೆ' ಎಂಬುದು. ಸುಳ್ಳು ಮನುಷ್ಯನನ್ನು ಒಂದೇ ಏಟಿಗೆ ಕೆಡವುವುದಿಲ್ಲ, ಕೈಹಿಡಿದು ನಡೆಸಿಕೊಂಡು ಹೋಗುತ್ತದೆ.

ಒಂದು ತಪ್ಪೊಪ್ಪಿಗೆ

ವಾಚಕರೇ, ದೂರದ ಓಹಾಯೋದ ಕತೆ ಹೇಳುವ ನಾನು ನನ್ನ ತರಗತಿಯ ಕತೆಯನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಬರಕತ್ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಮದ್ರಸದಲ್ಲಿ ಒಬ್ಬ ಹುಡುಗನಿದ್ದ. ಹನ್ನೆರಡು ವರ್ಷ. ಅವನು ಕಿರಾಅತ್ ಆರಂಭಿಸಿದರೆ ಅಂಗಳದಲ್ಲಿ ಮಾತಾಡುತ್ತಿದ್ದವರೂ ಮೌನವಾಗುತ್ತಿದ್ದರು. ಮದ್ರಸದ ವಾರ್ಷಿಕ ಕಾರ್ಯಕ್ರಮಕ್ಕೆ ಮಕ್ಕಳ ಕೈಯಲ್ಲಿ ರಶೀದಿ ಪುಸ್ತಕ ಕೊಟ್ಟು ಚಂದಾ ಸಂಗ್ರಹಿಸುತ್ತಿದ್ದೆವು. ಅವನು ತಂದ ಹಣ ರಶೀದಿಗಿಂತ ಕಡಿಮೆ ಇತ್ತು. ದಾರಿಯಲ್ಲಿ ಬಿದ್ದುಹೋಯಿತು ಎಂದ. ಅವನ ಮುಖ ನೋಡಿದಾಗಲೇ ಅದು ಬಿದ್ದದ್ದಲ್ಲವೆಂದು ನನಗೆ ಗೊತ್ತಾಯಿತು. ಆದರೆ ತಾಲೂಕು ಮಟ್ಟದ ಕಿರಾಅತ್ ಸ್ಪರ್ಧೆಗೆ ಎರಡೇ ವಾರ ಉಳಿದಿತ್ತು. ಈಗ ಗದರಿದರೆ ಹುಡುಗ ಮುನಿಸಿಕೊಂಡಾನು, ಮದ್ರಸದ ಹೆಸರು ಹೋದೀತು ಎಂದುಕೊಂಡೆ. ಕಡಿಮೆ ಬಿದ್ದ ಹಣವನ್ನು ನನ್ನ ಜೇಬಿನಿಂದ ಹಾಕಿ ಲೆಕ್ಕ ಸರಿಮಾಡಿದೆ. ಅವನಿಗೆ ಮೊದಲ ಬಹುಮಾನ ಬಂತು. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು ನಾನೇ.

ಅಂದು ನಾನು ದಯೆ ತೋರಿದೆನೆಂದು ಭಾವಿಸಿದ್ದೆ. ಇಂದು ಯೋಚಿಸಿದರೆ ಅದು ದಯೆಯಲ್ಲ, ವ್ಯಾಪಾರ. ಅವನ ಕಂಠ ನನಗೆ ಬೇಕಾಗಿತ್ತು. ಅದಕ್ಕೆ ಬೆಲೆಯಾಗಿ ಅವನ ಸತ್ಯವನ್ನು ಬಿಟ್ಟುಕೊಟ್ಟೆ.

ಪ್ರತಿಭೆಯೆಂಬುದು ಅಮಾನತ್ತು. ಯಾರ ಬಳಿ ಅದು ಇದೆಯೋ ಅವನಿಗೆ ಮಾತ್ರವಲ್ಲ, ಅವನ ಸುತ್ತಲಿನ ತಂದೆತಾಯಿಗೆ, ಉಸ್ತಾದರಿಗೆ, ತರಬೇತುದಾರರಿಗೆ, ಜಮಾಅತ್‌ನ ಹಿರಿಯರಿಗೂ ಅದು ಅಮಾನತ್ತು. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಕುರ್‌ಆನ್ ಸೂರಃ ಅನ್ನಿಸಾದಲ್ಲಿ ಆಜ್ಞಾಪಿಸುತ್ತದೆ. ಹಣದ ಅಮಾನತ್ತನ್ನು ನಾವು ಬೀಗ ಹಾಕಿ ಕಾಯುತ್ತೇವೆ. ಮಗುವಿನ ಅಮಾನತ್ತನ್ನು ಮಾತ್ರ ವೇದಿಕೆಯ ಮೇಲೆ ನಿಲ್ಲಿಸಿ ಮರೆತುಬಿಡುತ್ತೇವೆ.

ಮಾತುಗಾರ ಮಾತು ಬಿಟ್ಟ ದಿನ

ಇದರ ಎದುರಿಗೆ ಸಹಾಬಿ ಕಅಬ್ ಬಿನ್ ಮಾಲಿಕ್(ರ) ಅವರ ಚರಿತ್ರೆಯನ್ನು ಇಟ್ಟು ನೋಡಿ. ಅವರೂ ಪ್ರತಿಭಾವಂತರು. ಪ್ರವಾದಿವರ್ಯರ(ಸ) ಕಾಲದ ಹೆಸರಾಂತ ಕವಿ. ಹಿಜರಿ 9ನೇ ವರ್ಷದ ತಬೂಕ್ ಯಾತ್ರೆಗೆ ಎಲ್ಲರೂ ಹೊರಟಾಗ ಅವರು ಇಂದು ನಾಳೆ ಎನ್ನುತ್ತಾ ಹಿಂದುಳಿದರು. ಬಡತನ ಕಾರಣವಾಗಿರಲಿಲ್ಲ, ಆಗ ಅವರ ಬಳಿ ಎರಡು ಸವಾರಿ ಪ್ರಾಣಿಗಳಿದ್ದವು.

ಪ್ರವಾದಿವರ್ಯರು(ಸ) ಹಿಂದಿರುಗಿದಾಗ ಎಂಬತ್ತಕ್ಕೂ ಮಿಕ್ಕಿದ ಜನ ಒಂದೊಂದು ನೆಪ ಹೇಳಿ ಪಾರಾದರು. ಕಅಬ್‌ರಿಗೆ(ರ) ನೆಪ ಹೇಳುವುದು ಕಷ್ಟವಾಗಿತ್ತೇ? ಮಾತಿನ ಚಾತುರ್ಯದಲ್ಲಿ ಅವರನ್ನು ಮೀರಿಸುವವರು ಕಡಿಮೆ. ಬೇರೆ ಯಾರ ಮುಂದೆ ಕೂತಿದ್ದರೂ ಮಾತಿನಿಂದಲೇ ತಪ್ಪಿಸಿಕೊಳ್ಳುತ್ತಿದ್ದೆ ಎಂಬ ಅರ್ಥದ ಮಾತನ್ನು ಅವರೇ ಹೇಳಿದ್ದಾರೆ. ಆದರೆ ಇಂದು ಸುಳ್ಳಿನಿಂದ ಪ್ರವಾದಿವರ್ಯರನ್ನು(ಸ) ಮೆಚ್ಚಿಸಿದರೂ ನಾಳೆ ಅಲ್ಲಾಹನು ಸತ್ಯವನ್ನು ಬಯಲು ಮಾಡದಿರುವನೇ? ತನ್ನ ಬಳಿ ಯಾವ ಕಾರಣವೂ ಇರಲಿಲ್ಲವೆಂದು ಅವರು ನೇರವಾಗಿ ಹೇಳಿಬಿಟ್ಟರು.

ಸತ್ಯಕ್ಕೆ ತಕ್ಷಣ ಸಿಕ್ಕಿದ್ದು ಬಹುಮಾನವಲ್ಲ, ಬಹಿಷ್ಕಾರ. ಐವತ್ತು ದಿನ ಮದೀನದಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲ. ಪ್ರೀತಿಯ ಸೋದರ ಸಂಬಂಧಿಯೂ ಸಲಾಮಿಗೆ ಉತ್ತರಿಸಲಿಲ್ಲ. ಗಸ್ಸಾನ್ ರಾಜನಿಂದ ಪತ್ರ ಬಂತು. ನಮ್ಮಲ್ಲಿಗೆ ಬನ್ನಿ, ಗೌರವದಿಂದ ನೋಡಿಕೊಳ್ಳುತ್ತೇವೆ ಎಂಬುದು ಅದರ ಸಾರ. ಪ್ರತಿಭಾವಂತ ಎಡವಿದಾಗ ಅವನನ್ನು ಕೊಳ್ಳಲು ಕಾದಿರುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕಅಬ್(ರ) ಆ ಪತ್ರವನ್ನು ಒಲೆಗೆ ಹಾಕಿದರು. ಐವತ್ತನೆಯ ದಿನ ಬೆಳಗ್ಗೆ ಕ್ಷಮೆಯ ಸುವಾರ್ತೆ ಬಂತು. ಅದು ಸೂರಃ ಅತ್ತೌಬದಲ್ಲಿ ಕಿಯಾಮತ್‌ವರೆಗೂ ಓದಲ್ಪಡುವ ಸುವಾರ್ತೆ.

ಮಾತುಗಾರನಿಗೆ ಮಾತಿನಲ್ಲೇ ಪರೀಕ್ಷೆ, ಓಟಗಾರನಿಗೆ ಓಟದಲ್ಲೇ ಪರೀಕ್ಷೆ. ಕಷ್ಟ ಬಂದಾಗ ಅಲ್ಲಾಹನ ಕಡೆಗೆ ಓಡುವೆಯೋ ಅಥವಾ ಕೊಟ್ಟ ಶಕ್ತಿಯನ್ನು ಬಳಸಿ ತಪ್ಪಿಸಿಕೊಂಡು ಓಡುವೆಯೋ? ಕ್ಲಾರೆಟ್ ತಪ್ಪಿಸಿಕೊಂಡು ಓಡಿದ.

ಇಳಿಜಾರು

ಶಾಲೆ ಮುಗಿಸಿ ಮೂರು ವರ್ಷವಾಗದೆ ವೃತ್ತಿಪರ ಫುಟ್ಬಾಲಿಗೆ ಸೇರಬಾರದೆಂಬ ನಿಯಮ ಅಲ್ಲಿದೆ. ಅದರ ವಿರುದ್ಧ ಆತ ನ್ಯಾಯಾಲಯಕ್ಕೆ ಹೋದ. 2004ರ ಫೆಬ್ರವರಿಯಲ್ಲಿ ಗೆದ್ದ. ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಆಟವಿಲ್ಲದೆ ಎರಡು ವರ್ಷ ಕಳೆಯಿತು. 2005ರಲ್ಲಿ ಡೆನ್ವರ್ ತಂಡ ಆತನನ್ನು ಆಯ್ಕೆ ಮಾಡಿತು. ಆ ವರ್ಷ ಎಲ್ಲ ತಂಡಗಳೂ ಸೇರಿ ಆಯ್ದವರ ಸಾಲಿನಲ್ಲಿ ಆತ 101ನೆಯವನು. ಆದರೆ ಆಗಸ್ಟ್‌ನಲ್ಲಿ, ಒಂದು ಪಂದ್ಯವನ್ನೂ ಆಡಿಸದೆ, ತಂಡದಿಂದ ಬಿಟ್ಟುಬಿಟ್ಟರು. ಆ ದಿನಗಳಲ್ಲಿ ತಾನು ಕುಡಿತಕ್ಕೆ ಬಿದ್ದಿದ್ದೆ ಎಂದು ಆತನೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಮದ್ಯವನ್ನು ಕೆಡುಕುಗಳ ತಾಯಿ ಎಂದು ನಮ್ಮ ಹಿರಿಯರು ಸುಮ್ಮನೆ ಕರೆದಿಲ್ಲ. ಅದು ಒಂಟಿಯಾಗಿ ಮನೆಗೆ ಬರುವುದಿಲ್ಲ, ಸಂಸಾರ ಸಮೇತ ಬರುತ್ತದೆ.

2006ರ ಹೊಸ ವರ್ಷದ ರಾತ್ರಿ ಕೊಲಂಬಸ್ ನಗರದ ಒಂದು ಗಲ್ಲಿಯಲ್ಲಿ ಇಬ್ಬರಿಗೆ ಪಿಸ್ತೂಲು ತೋರಿಸಿ ಆತ ದೋಚಿದ. ಸಿಕ್ಕಿದ್ದು ಒಂದು ಮೊಬೈಲ್ ಫೋನ್! ಮೂರು ವರ್ಷಗಳ ಹಿಂದೆ ಅದೇ ನಗರ ಆತನ ಹೆಸರನ್ನು ಹಾಡಿನಂತೆ ಕೂಗಿತ್ತು. ಅದೇ ವರ್ಷ ಆಗಸ್ಟ್ 9ರ ರಾತ್ರಿ, ಮೊಕದ್ದಮೆ ನಡೆಯುತ್ತಿರುವಾಗಲೇ, ಪೊಲೀಸರು ಆತನ ಕಾರನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರು. ಮೈಮೇಲೆ ಗುಂಡು ತಡೆಯುವ ಅಂಗಿ, ಕಾರಿನಲ್ಲಿ ತುಂಬಿಸಿಟ್ಟ ನಾಲ್ಕು ಬಂದೂಕುಗಳು, ಬಿಚ್ಚಿದ ಮದ್ಯದ ಬಾಟಲಿ. ವಯಸ್ಸು 22. ಆಗಷ್ಟೇ ಒಂದು ಹೆಣ್ಣುಮಗುವಿನ ತಂದೆಯಾಗಿದ್ದ. ಸೆಪ್ಟೆಂಬರ್‌ನಲ್ಲಿ ಅಪರಾಧ ಒಪ್ಪಿಕೊಂಡಾಗ ಬಿದ್ದ ಶಿಕ್ಷೆ ಏಳೂವರೆ ವರ್ಷ.

ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಮನುಷ್ಯನ ಪಾದ ಕದಲುವ ಮೊದಲು ಕೇಳಲಾಗುವ ಪ್ರಶ್ನೆಗಳಲ್ಲಿ ಯೌವನವನ್ನು ಯಾವುದರಲ್ಲಿ ಸವೆಸಿದೆ ಎಂಬುದೂ ಒಂದೆಂದು ಹದೀಸ್‌ನಲ್ಲಿ ಬಂದಿದೆ. ಆಯುಷ್ಯದ ಬಗ್ಗೆ ಕೇಳಿದ ಮೇಲೆ ಯೌವನದ ಬಗ್ಗೆ ಬೇರೆಯಾಗಿ ಕೇಳುವುದೇಕೆ? ಯೌವನವೂ ಆಯುಷ್ಯದ ಭಾಗವೇ ಅಲ್ಲವೇ? ಹೌದು. ಆದರೆ ಅದು ಅಸಲು, ಉಳಿದದ್ದು ಅದರ ಮೇಲಿನ ವ್ಯವಹಾರ. ಅಸಲನ್ನೇ ಸುಟ್ಟವನ ಲೆಕ್ಕ ಕಠಿಣವಾಗಿರುತ್ತದೆ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಿದ್ದವರ ಕತೆಗಳು ನಮ್ಮ ಬೀದಿಗಳಲ್ಲೇ ಬೇಕಾದಷ್ಟಿವೆ.

ಬೆನ್ನುಹತ್ತಿ ಓಡಿದವನು

ಆತ ಟೊಲೀಡೊ ನಗರದ ಸೆರೆಮನೆಯಲ್ಲಿ ಸುಮಾರು ಮೂರೂವರೆ ವರ್ಷ ಕಳೆದ. ಅಲ್ಲಿ ಕುಡಿತವಿಲ್ಲ, ಚಪ್ಪಾಳೆಯಿಲ್ಲ. ಆತ ಪುಸ್ತಕ ಹಿಡಿದ. ಓದುವ ಅಭ್ಯಾಸವಾಯಿತು. ಕಾಲೇಜು ಪಾಠಗಳನ್ನು ಮತ್ತೆ ಕೈಗೆತ್ತಿಕೊಂಡ. 2010ರ ಏಪ್ರಿಲ್‌ನಲ್ಲಿ ಹೊರಬಂದ. ಒಂದು ಸಣ್ಣ ಲೀಗಿನ ಒಮಾಹ ತಂಡದಲ್ಲಿ ಸ್ವಲ್ಪ ಕಾಲ ಆಡಿದ. ಕಳೆದುಹೋದ ವೇಗ ಮರಳಿ ಬರಲಿಲ್ಲ. ದೊಡ್ಡ ಮೈದಾನದ ಬಾಗಿಲು ಮತ್ತೆ ತೆರೆಯಲಿಲ್ಲ.

ಆಗ ಆತ ಮಾಡಿದ್ದೇನು? ಕಾಲೇಜು ತಂಡಗಳ ಹುಡುಗರ ಮುಂದೆ, ಸೆರೆಮನೆಯ ಕೈದಿಗಳ ಮುಂದೆ ನಿಂತು ತನ್ನ ಕತೆಯನ್ನು ತಾನೇ ಹೇಳತೊಡಗಿದ. ಯಾವುದನ್ನು ಮುಚ್ಚಲು ಒಮ್ಮೆ ಸುಳ್ಳು ಹೇಳಿದ್ದನೋ ಅದನ್ನೇ ಬಿಚ್ಚಿ ತೋರಿಸಿದ. 2016ರಲ್ಲಿ ತಾನು ಹುಟ್ಟಿದ ಯಂಗ್ಸ್‌ಟೌನ್‌ನಲ್ಲೇ 'ರೆಡ್ ಝೋನ್' ಎಂಬ ಸಂಸ್ಥೆಯನ್ನು ಆರಂಭಿಸಿದ. ಮಾನಸಿಕ ತೊಂದರೆಯುಳ್ಳವರಿಗೆ, ಮಾದಕ ವ್ಯಸನಕ್ಕೆ ಬಿದ್ದವರಿಗೆ ಚಿಕಿತ್ಸೆ ಮತ್ತು ಆಸರೆ ಕೊಡುವುದು ಅದರ ಕೆಲಸ. ಕುಡಿತದಿಂದ ಹಾಳಾದವನು ವ್ಯಸನಿಗಳ ಬಳಿಗೆ ಹೋದ. ಕಾರ್ಖಾನೆಗಳು ಬಿಟ್ಟುಹೋದ ಊರಿಗೆ ಆತ ಮರಳಿ ಬಂದ.

'ರೆಡ್ ಝೋನ್' ಎಂದರೆ ಆ ಆಟದ ಭಾಷೆಯಲ್ಲಿ ಗೆರೆ ದಾಟಲು ಉಳಿದಿರುವ ಕೊನೆಯ 20 ಗಜ. ಅಲ್ಲಿಯವರೆಗೆ ಎಷ್ಟು ಸಲ ಬಿದ್ದಿದ್ದರೂ ಅಲ್ಲಿಂದ ಮುಂದೆ ಸಾಗಿದವನಿಗೆ ಅಂಕವುಂಟು. ಎದುರಾಳಿಗಳ ಒತ್ತಡ ಹೆಚ್ಚುವುದೂ ಅಲ್ಲೇ.

ನೆನಪಿನಲ್ಲಿಡಿ ಎಂದಿದ್ದ ಆ ಗಳಿಗೆಯನ್ನು ಈಗ ತೆಗೆಯಿರಿ. ಕೈತಪ್ಪಿದ ಚೆಂಡನ್ನು ನೋಡುತ್ತಾ ನಿಲ್ಲದೆ ಅದರ ಬೆನ್ನುಹತ್ತಿ ಓಡಿದ ಆ ಗಳಿಗೆ. ತೌಬಾ ಎಂಬುದಕ್ಕೆ ಇದಕ್ಕಿಂತ ಸುಲಭದ ಉಪಮೆ ನನಗೆ ಹೊಳೆಯುವುದಿಲ್ಲ. ತೌಬಾ ಎಂದರೆ ಮರಳುವುದು. ಸೋತೆನೆಂದು ಅತ್ತುಕೊಂಡು ಕೂರುವುದು ತೌಬಾ ಅಲ್ಲ. 'ಅಸ್ತಗ್ಫಿರುಲ್ಲಾಹ್' ಎಂದು ನಾಲಿಗೆಯಿಂದ ಹೇಳಿ ಕಾಲನ್ನು ಅಲ್ಲೇ ಇಟ್ಟುಕೊಳ್ಳುವುದೂ ಅಲ್ಲ. ನಮ್ಮ ಉಲಮಾಗಳು ಅದಕ್ಕೆ ಷರತ್ತುಗಳನ್ನು ಹೇಳಿದ್ದಾರೆ. ಪಾಪವನ್ನು ಬಿಟ್ಟುಬಿಡಬೇಕು, ಮಾಡಿದ್ದಕ್ಕೆ ನೊಂದುಕೊಳ್ಳಬೇಕು, ಮತ್ತೆ ಮಾಡೆನೆಂದು ದೃಢ ಸಂಕಲ್ಪ ಮಾಡಬೇಕು. ಮನುಷ್ಯರ ಹಕ್ಕಿಗೆ ಧಕ್ಕೆ ಮಾಡಿದ್ದರೆ ಅದನ್ನು ತೀರಿಸಬೇಕು, ಇಲ್ಲವೇ ಅವರಿಂದ ಕ್ಷಮೆ ಪಡೆಯಬೇಕು. ಮೊದಲ ಮೂರು ಷರತ್ತುಗಳನ್ನು ನಾವು ರಮಝಾನಿನ ಕೊನೆಯ ಹತ್ತರಲ್ಲಿ ಕಣ್ಣೀರಿನೊಂದಿಗೆ ಪೂರೈಸುತ್ತೇವೆ. ನಾಲ್ಕನೆಯದು ಬಂದಾಗ ಮಾತ್ರ ಈದ್‌ನ ಬಟ್ಟೆ ಹಾಕಿಕೊಂಡು ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತೇವೆ.

ದರೋಡೆಕೋರನ ಗೋಡೆ

ಫುದೈಲ್ ಬಿನ್ ಇಯಾದ್(ರಹ್) ಅವರ ಹೆಸರು ನಿಮಗೆ ತಿಳಿದಿರಬಹುದು. ಖುರಾಸಾನಿನ ಅಬೀವರ್ದ್ ಮತ್ತು ಸರಖ್ಸ್ ನಡುವಿನ ದಾರಿಯಲ್ಲಿ ಅವರು ದರೋಡೆಕೋರರಾಗಿದ್ದರು. ಒಂದು ರಾತ್ರಿ ಕೆಟ್ಟ ಉದ್ದೇಶದಿಂದ ಗೋಡೆ ಹತ್ತುತ್ತಿದ್ದಾಗ ಯಾರೋ ಸೂರಃ ಅಲ್ ಹದೀದ್ ಓದುತ್ತಿರುವುದು ಕಿವಿಗೆ ಬಿತ್ತು. ಸತ್ಯವಿಶ್ವಾಸಿಗಳ ಹೃದಯ ಅಲ್ಲಾಹನ ಸ್ಮರಣೆಗೆ ಕರಗುವ ಸಮಯ ಇನ್ನೂ ಬಂದಿಲ್ಲವೇ ಎಂದು ಕೇಳುವ ಸೂಕ್ತ ಅದು. ಸಮಯ ಬಂತು ಎನ್ನುತ್ತಾ ಅವರು ಗೋಡೆಯಿಂದಿಳಿದರು. ರಾತ್ರಿ ಕಳೆಯಲು ಒಂದು ಪಾಳು ಕಟ್ಟಡಕ್ಕೆ ಹೋದರೆ ಅಲ್ಲಿ ಕೆಲವು ಪ್ರಯಾಣಿಕರು ಪಿಸುಗುಟ್ಟುತ್ತಿದ್ದರು. ಈಗ ಹೊರಡುವುದು ಬೇಡ, ದಾರಿಯಲ್ಲಿ ಫುದೈಲ್ ಇದ್ದಾನೆ ಎಂದು. ಕತ್ತಲಲ್ಲಿ ಕೂತು ತನ್ನ ಹೆಸರನ್ನು ಇತರರ ಭಯದ ಮೂಲಕ ಕೇಳಿದ ಆ ಮನುಷ್ಯ ನಡುಗಿದರು. ಮುಂದೆ ಮಕ್ಕಾದ ನೆರೆಯಲ್ಲಿ ಆರಾಧನೆಯ ಬದುಕು ಕಳೆದು ಹಿಜರಿ 187ರಲ್ಲಿ ನಿಧನರಾದರು. ಇಂದು ಅವರ ಹೆಸರು ಬಂದಾಗ ನಾವು 'ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ' ಎನ್ನುತ್ತೇವೆ. ಹಾದಿಹೋಕರು ಹೆದರುತ್ತಿದ್ದ ಹೆಸರು ಅದೇ!

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಮನುಷ್ಯರ ಸಂತೆಯ ಲೆಕ್ಕ. ಅಲ್ಲಿ ಅದು ಸರಿಯೇ ಇರಬಹುದು. ಅಲ್ಲಾಹನ ಬಾಗಿಲಿನ ಲೆಕ್ಕ ಬೇರೆ. ಅಲ್ಲಿ ಆನೆ ಬೇಡ, ಮುರಿದ ಮನಸ್ಸು ಮತ್ತು ಎದ್ದು ನಿಂತ ಕಾಲು ಸಾಕು. ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡವರೂ ಅವನ ಕರುಣೆಯಿಂದ ನಿರಾಶರಾಗಬಾರದೆಂದು ಸೂರಃ ಅಝ್ಝುಮರ್ ಕರೆಯುತ್ತದೆ. ಪಶ್ಚಾತ್ತಾಪಪಟ್ಟು ವಿಶ್ವಾಸವಿಟ್ಟು ಸತ್ಕರ್ಮ ಮಾಡುವವರ ಕೆಡುಕುಗಳನ್ನೇ ಒಳಿತುಗಳಾಗಿ ಬದಲಾಯಿಸುವ ವಾಗ್ದಾನ ಸೂರಃ ಅಲ್ ಫುರ್ಕಾನ್‌ನಲ್ಲಿದೆ.

ಆದರೆ ಆ ಬಾಗಿಲು ತೆರೆದಿರುವಾಗ ನಾವು ನಮ್ಮ ಬಾಗಿಲು ಮುಚ್ಚಿದರೆ? ಸೆರೆಮನೆಯಿಂದ ಬಂದ ಯುವಕ ಜುಮಾಕ್ಕೆ ಬಂದು ಕೊನೆಯ ಸಫ್‌ನಲ್ಲಿ ನಿಂತಾಗ ಪಕ್ಕದವರು ಸರಿದು ನಿಲ್ಲುತ್ತಾರೆ. ಅಂಗಡಿಯಲ್ಲಿ ಕೆಲಸ ಕೇಳಿದರೆ 'ನೋಡೋಣ' ಎನ್ನುತ್ತಾರೆ. ಆ 'ನೋಡೋಣ' ಎಷ್ಟು ಮಂದಿಯನ್ನು ಮತ್ತೆ ಹಳೆಯ ಗೆಳೆಯರ ಬಳಿಗೆ ಅಟ್ಟಿದೆಯೋ! ಕಅಬ್‌ರಿಗೆ(ರ) ಕ್ಷಮೆ ಸಿಕ್ಕಿದ ದಿನ ತಲ್ಹಾ(ರ) ಎದ್ದು ಓಡಿಬಂದು ಅವರ ಕೈಹಿಡಿದು ಅಭಿನಂದಿಸಿದರು. ಅದನ್ನು ತಾನು ಎಂದಿಗೂ ಮರೆಯೆನೆಂದು ಕಅಬ್(ರ) ಹೇಳುತ್ತಿದ್ದರು. ಅಂತಹ ಒಂದು ಕೈಯನ್ನು ಸಾಲವಾಗಿ ಕೇಳುವವರು ನಿಮ್ಮ ಬೀದಿಯಲ್ಲೂ ಇದ್ದಾರೆ.

ಕೊನೆಯ ಮಾತು

ಆ ಕಿರಾಅತ್‌ನ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನು ಓದು ಅರ್ಧಕ್ಕೆ ಬಿಟ್ಟ. ಪೇಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದು ಗಲ್ಲಾದ ಹಣದ ವಿಷಯದಲ್ಲಿ ಸಿಕ್ಕಿಬಿದ್ದ. ಬಳಿಕ ಊರು ಬಿಟ್ಟನೆಂದು ಕೇಳಿದೆ. ಒಂದು ರಮಝಾನಿನಲ್ಲಿ ತರಾವೀಹ್ ಮುಗಿದಾಗ ಹಿಂದಿನ ಕಂಬದ ಬಳಿ ಅವನನ್ನು ಕಂಡೆ. ಗಡ್ಡ ಬಂದಿತ್ತು, ಕೆನ್ನೆ ಒಳಗೆ ಹೋಗಿತ್ತು. ಏನು ಹೇಳಬೇಕೆಂದು ತೋಚಲಿಲ್ಲ. ಕೊನೆಗೆ, "ಆ ರಶೀದಿಯ ಹಣದ ದಿನ ನಾನು ನಿನ್ನನ್ನು ತಡೆಯಬೇಕಿತ್ತು. ತಡೆಯಲಿಲ್ಲ. ನನ್ನನ್ನು ಕ್ಷಮಿಸು" ಎಂದೆ.

ಅವನು ತುಂಬ ಹೊತ್ತು ನೆಲ ನೋಡಿದ. ಬಳಿಕ, "ನಿಮಗೆ ಗೊತ್ತಾಗಿತ್ತಾ ಉಸ್ತಾದ್?" ಎಂದ. ಸ್ವಲ್ಪ ತಡೆದು, "ಆವತ್ತೇ ಬೈದಿದ್ದರೆ ಒಳ್ಳೆಯದಿತ್ತು" ಎಂದ.

ಆ ಮಾತು ಇಂದಿಗೂ ನನ್ನ ತರಗತಿಯಲ್ಲಿ ನನ್ನೊಂದಿಗೆ ಬಂದು ಕೂರುತ್ತದೆ. ಈಗ ಅವನು ಸಂಜೆ ಹೊತ್ತು ಬಂದು ಸಣ್ಣ ಮಕ್ಕಳ ತಜ್ವೀದ್ ತಿದ್ದುತ್ತಾನೆ. ಪ್ರತಿದಿನ ಬರುತ್ತಾನೆಂದು ಹೇಳಲಾರೆ. ಬಾರದ ದಿನ ನಾನು ಅವನ ಮನೆಯವರೆಗೆ ನಡೆದು ಹೋಗುತ್ತೇನೆ. ಇದು ನಾನು ಮಾಡುವ ಉಪಕಾರವಲ್ಲ, ತೀರಿಸುತ್ತಿರುವ ಸಾಲ.

ವಾಚಕರೇ, ಮೊದಲಿಗೆ ಕೇಳಿದ ಪ್ರಶ್ನೆ ಈಗಲೂ ನಿಮ್ಮ ಮುಂದಿದೆ. ನಿಮ್ಮ ಮನೆಯ ಆ ಹುಡುಗ, ಆ ಹುಡುಗಿ ಇಂದು ಸಂಜೆ ಸುಳ್ಳು ಹೇಳಿದರೆ ಅಂಕಪಟ್ಟಿ, ಬಹುಮಾನ, ಹೆಸರು ಎಂಬ ನೆಪಗಳನ್ನು ಬದಿಗಿಟ್ಟು ಪ್ರೀತಿಯಿಂದ, ಆದರೆ ಗಟ್ಟಿಯಾಗಿ ತಡೆಯಿರಿ. ಈಗಾಗಲೇ ಬಿದ್ದವರಿದ್ದರೆ ಅವರತ್ತ ನಡೆದು ಹೋಗಿ. ಬಿದ್ದವರು ನೀವೇ ಆಗಿದ್ದರೆ ಏಳಿ. ಚೆಂಡು ಕೈತಪ್ಪಿದೆ, ನಿಜ. ಆಟ ಇನ್ನೂ ಮುಗಿದಿಲ್ಲ. ನಮಗೆ ಉಳಿದಿರುವುದು ಎಷ್ಟು ಗಜವೆಂಬುದು ಅಲ್ಲಾಹನೊಬ್ಬನಿಗೇ ಗೊತ್ತು.

ನಮ್ಮ ಕೈಗೆ ಕೊಟ್ಟ ಅಮಾನತ್ತುಗಳನ್ನು ಕಾಯುವ ಎಚ್ಚರವನ್ನೂ ಕೈಜಾರಿದ್ದನ್ನು ಬೆನ್ನುಹತ್ತಿ ಹಿಡಿಯುವ ಶಕ್ತಿಯನ್ನೂ ಮರಳಿ ಬಂದವರಿಗೆ ಜಾಗ ಬಿಡುವ ಹೃದಯವನ್ನೂ ಅಲ್ಲಾಹನು ನಮಗೆಲ್ಲ ದಯಪಾಲಿಸಲಿ. ಆಮೀನ್.